ಗುಲಾಬಿ ಬಣ್ಣದ ಬೀದಿ

ಡಬ್ಬಿಯಲ್ಲಿ ಗುಲಾಬಿ ಬಣ್ಣ ಉಳಿಯದೇ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಉಳಿದಿತ್ತು. ಮಿಕ್ಕ ಬಣ್ಣಗಳೆಲ್ಲ ಖರ್ಚಾಗಿ, ಅದೊಂದು ಮಾತ್ರ ಕರೆಯದೆ ಬಂದ ನೆಂಟನಂತೆ ಮೂಲೆಯಲ್ಲಿ ಕೂತಿತ್ತು.

ಬಣ್ಣ ಅಂಕಿಅಂಶ ಇಲಾಖೆಯದು. ಅದನ್ನು ಬಳಿಯುವವನು ಅಲ್ಲಿಯ ತಾತ್ಕಾಲಿಕ ನೌಕರ. ಬೀದಿಯವರೆಲ್ಲ ಅವನನ್ನು ‘ನಕಾಶೆ’ ಎಂದೇ ಕರೆಯುತ್ತಿದ್ದರು. ಎಪ್ಪತ್ತು ವರ್ಷ ಹಿಂದಿನ ಜನಗಣತಿಯ ಸಂಪುಟಗಳನ್ನು ತಿರುವಿ, ಯಾವ ಪ್ರದೇಶದಲ್ಲಿ ಯಾವ ಕೆಲಸದವರು ಹೆಚ್ಚಿದ್ದರೆಂದು ಲೆಕ್ಕ ಹಾಕಿ, ದೇಶದ ನಕಾಶೆಯಲ್ಲಿ ಆ ಪ್ರದೇಶಕ್ಕೆ ಆ ಕಸುಬಿನ ಬಣ್ಣ ಹಚ್ಚುವುದು ಅವನ ಪಾಲಿನ ಕೆಲಸ. ದೋಣಿ ಕಟ್ಟುವವರಿಗೆ ನೀಲಿ, ಗಾಜು ಊದುವವರಿಗೆ ಹಸಿರು, ಗಣಿ ಅಗೆಯುವವರಿಗೆ ಕಂದು, ಕಾಗದದ ಮೇಲೆ ಬರೆದು ಹೊಟ್ಟೆ ಹೊರೆಯುವ ಗುಮಾಸ್ತರಿಗೆ ಹಳದಿ. ಕಚೇರಿಯ ಪ್ರಿಂಟರಿಗೆ ಕಪ್ಪು ಮತ್ತು ಇನ್ನೂ ಕಪ್ಪು ಎಂಬ ಎರಡೇ ಬಣ್ಣ ಗೊತ್ತಿದ್ದುದರಿಂದ ಇದನ್ನೆಲ್ಲ ಕೈಯಲ್ಲೇ ಮಾಡಬೇಕಾಗಿತ್ತು. ಬಣ್ಣ ಹಚ್ಚುವ ನಕಾಶೆಯೋ ಕಚೇರಿಯ ಎಲ್ಲ ಮೇಜುಗಳಿಗಿಂತ ಉದ್ದ. ಹಾಗಾಗಿ ಅವನು ಅದನ್ನು ಸುರುಳಿ ಸುತ್ತಿ ಮನೆಗೆ ತಂದು, ಚಿಕ್ಕಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಿಕೊಂಡು ಬಣ್ಣ ಬಳಿಯುತ್ತಿದ್ದ.

ಕೊನೆಗೆ ಉಳಿದದ್ದು ಒಂದೇ ಒಂದು ಚೂರು ಜಾಗ, ಅವನು ವಾಸವಾಗಿದ್ದ ಬೀದಿ. ಗಣತಿಯ ಪ್ರಕಾರ ಅಲ್ಲಿ ಹೆಚ್ಚಿದ್ದವರು ‘ಇತರ ವಿನೋದ ಕಸುಬುಗಳು’ ಎಂಬ ವರ್ಗದವರು. ಇದಕ್ಕೆ ಯಾವ ಬಣ್ಣವೆಂದು ಕೇಳಿದಾಗ ಹೆಡ್ ಗುಮಾಸ್ತರು, "ಯಾವುದು ಉಳಿದಿದೆಯೋ ಅದನ್ನೇ ಬಳಿಯಪ್ಪ, ಕೊಂಡು ತರೋಕೆ ಇದೇನು ನಿಮ್ಮ ಮನೆ ಗೋಡೆಯಾ?" ಎಂದಿದ್ದರು. ಬೆಳಿಗ್ಗೆ ಎದ್ದವನೇ ಅವನು ಗುಲಾಬಿ ಬಳಿದ.

ಅಂದು ಮಧ್ಯಾಹ್ನ ದೊಡ್ಡ ಸಾಹೇಬರು ನಕಾಶೆಯನ್ನು ನೋಡಿ ಒಪ್ಪುವವರಿದ್ದರು. ಒಪ್ಪಿ ಸಹಿ ಹಾಕಿದರೆ, ಅದರ ಬೆನ್ನಿಗೇ ಅವನ ಕೆಲಸ ಕಾಯಂ ಮಾಡುವ ಕಡತಕ್ಕೂ ಸಹಿ. ಐದು ವರ್ಷದಿಂದ ಅವನು ತಾತ್ಕಾಲಿಕ. ಅವನ ಕುರ್ಚಿಯೂ ತಾತ್ಕಾಲಿಕ. ಪಕ್ಕದ ವಿಭಾಗದವರು ಕೇಳಿದಾಗಲೆಲ್ಲ ಎದ್ದು ಕೊಟ್ಟು ನಿಂತೇ ಬರೆಯುತ್ತಿದ್ದ.

"ಸಂಜೆ ಬರೋವಾಗ ಕಾಯಂ ಆಗಿ ಬಾ," ಎಂದಳು ಚಿಕ್ಕಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. "ನಾನು ಆಗ್ಲೇ ಎಲ್ರಿಗೂ ಆಗಿದೆ ಅಂತ ಹೇಳಿಬಿಟ್ಟಿದೀನಿ."

"ಯಾವಾಗ ಹೇಳ್ದೆ?"

"ಹೋದ ವರ್ಷ."

ಅವನು ನಕಾಶೆಯನ್ನು ಅಂಗಳಕ್ಕೆ ಒಯ್ದು, ಎರಡು ಹೊದಿಕೆಗಳ ನಡುವೆ, ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ.

ಅಂಗಳದಲ್ಲಿ ಮನೆಯ ಮಾಲೀಕರಾದ ನಿವೃತ್ತ ಪೋಸ್ಟ್‌ಮಾಸ್ಟರು ಅಡ್ಡಾಡುತ್ತಿದ್ದರು. ಮೂವತ್ತು ವರ್ಷ ಬೇರೆಯವರ ಕಾರ್ಡು ಓದಿ ಪಳಗಿದ ಮನುಷ್ಯ. ಮುಚ್ಚದೆ ಇಟ್ಟ ಯಾವ ಬರಹವಾದರೂ ತಮ್ಮ ವಿಳಾಸಕ್ಕೇ ಬಂದದ್ದು ಎಂದು ಅವರ ನಂಬಿಕೆ. ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಬಂದರು.

"ಇದು ನಮ್ಮ ಬೀದಿ ಅಲ್ವೇನೋ ನಕಾಶೆ?"

"ಹೌದು ಸರ್."

"ಸುತ್ತಮುತ್ತ ಎಲ್ಲ ಹಳದಿ. ನಾವೊಬ್ರು ಯಾಕೆ ನಾಚಿಕೊಂಡ ಹಾಗಿದೀವಿ?"

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದೇನು ಸದ್ಗುಣವಲ್ಲ, ಸುಳ್ಳಿಗೆ ಬೇಕಾದ ಚುರುಕು ಅವನಲ್ಲಿರಲಿಲ್ಲ, ಅಷ್ಟೆ.

"ಅದು ಹಗ್ಗದ ಮೇಲೆ ನಡೆಯೋರು, ಕೋಡಂಗಿಗಳು, ಕಾಡುಪ್ರಾಣಿ ಪಳಗಿಸೋರು, ಆಮೇಲೆ ಅವುಗಳ ಬಾಯೊಳಗೆ ತಲೆ ಇಡೋರ ಬಣ್ಣ ಸರ್. ಎಪ್ಪತ್ತು ವರ್ಷದ ಹಿಂದೆ ನಮ್ಮ ಬೀದೀಲಿ ಅವರೇ ಜಾಸ್ತಿ ಇದ್ದಿದ್ದು."

ಪೋಸ್ಟ್‌ಮಾಸ್ಟರ ಮುಖ ನಕಾಶೆಯಲ್ಲಿನ ಬೀದಿಯ ಬಣ್ಣಕ್ಕೆ ತಿರುಗಿತು. "ಅಂದ್ರೆ ನಮ್ಮ ತಾತ ಕೋಡಂಗಿ ಅಂತೀಯಾ?"

"ಹೆಸರೇನೂ ಇಲ್ಲ ಸರ್. ಬರೀ ಸಂಖ್ಯೆ."

"ಸಂಖ್ಯೇಲಿ ನಮ್ಮ ತಾತ ಇಲ್ವಾ? ಅವರನ್ನ ಎಣಿಸದೆ ಬಿಟ್ರಾ? ಅದು ಇನ್ನೂ ದೊಡ್ಡ ಅವಮಾನ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪೋಸ್ಟ್‌ಮಾಸ್ಟರ ಕೂಗಿಗೆ ಇಡೀ ಬೀದಿಯೇ ಹೆಗಲು ಮುಟ್ಟಿಕೊಳ್ಳುತ್ತಾ ಅಂಗಳಕ್ಕೆ ಬಂತು. ಎದುರು ಮನೆಯ ಹಲ್ಲಿನ ಡಾಕ್ಟರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದರು. ಮೂಲೆಯ ಬೇಕರಿಯಾತ ಬಿಸಿ ಬನ್ನುಗಳ ತಟ್ಟೆ ಹಿಡಿದುಕೊಂಡೇ ಬಂದ.

"ಇದು ಹೊರಗೆ ಗೊತ್ತಾದ್ರೆ ನನ್ನೆದುರು ಯಾರು ಬಾಯಿ ತೆಗೀತಾರೆ?" ಎಂದರು ಡಾಕ್ಟರು, ನೊರೆಯ ನಡುವಿನಿಂದ. "ಕೂಡ್ಲೇ ಅಳಿಸಿ ಇದನ್ನ."

ಅವರನ್ನು ಸಮಾಧಾನ ಮಾಡಲು ಹೋಗಿ ನಕಾಶೆ ಬಾಯಿ ಬಿಟ್ಟ. "ಇದರಿಂದ ಯಾರಿಗೂ ನಷ್ಟ ಇಲ್ಲ ಸರ್. ಹೊಸದಾಗಿ ‘ಮೂಲ ಕಸುಬು ಯೋಜನೆ’ ಅಂತ ಬರ್ತಿದೆ. ಎಲ್ಲಿ ಯಾವ ಬಣ್ಣವೋ ಅಲ್ಲಿ ಆ ಕಸುಬಿನ ತರಬೇತಿ ಕೇಂದ್ರ ಕಟ್ತಾರೆ. ಕಲಿಸೋ ಹುದ್ದೆಗಳೂ ಅಲ್ಲಿಯವರಿಗೇ."

ಡಾಕ್ಟರು ನೊರೆ ಉಗಿದರು.

"ಹುದ್ದೆಗಳು ಅಂದ್ರೆ, ಪಿಂಚಣಿ ಇರೋ ಹುದ್ದೆಗಳಾ?"

"ಇರುತ್ತೆ ಸರ್."

"ನಿಜ ಹೇಳ್ಬೇಕು ಅಂದ್ರೆ," ಎಂದರು ಪೋಸ್ಟ್‌ಮಾಸ್ಟರು, ದೂರದ ಛಾವಣಿಯೊಂದನ್ನು ನೋಡುತ್ತಾ, "ನಮ್ಮ ತಾತನ ನಡಿಗೇಲಿ ಒಂದು ಹದ ಇತ್ತು. ಕುಡಿದಾಗ್ಲೂ ಬೀಳ್ತಿರ್ಲಿಲ್ಲ."

"ನಮ್ಮದೂ ಮೂರು ತಲೆಮಾರಿಂದ ಬಾಯೊಳಗೆ ಕೈ ಹಾಕೋ ಮನೆತನ," ಎಂದರು ಡಾಕ್ಟರು. "ಮೊದಮೊದಲು ಯಾರ ಬಾಯೊಳಗೆ ಹಾಕ್ತಿದ್ರು ಅಂತ ನಾವು ವಿಚಾರಿಸಿರ್ಲಿಲ್ಲ, ಅಷ್ಟೆ."

ಡಾಕ್ಟರು ಈ ಬೀದಿಗೆ ಬಂದು ಆರೇ ವರ್ಷವಾಗಿತ್ತು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಬೇಕರಿಯಾತ ಅಷ್ಟರಲ್ಲಿ ಮೂರು ಬನ್ನುಗಳನ್ನು ಗಾಳಿಗೆ ಎಸೆದಿದ್ದ. ಒಂದು ಕೈಗೆ ಬಂತು, ಒಂದು ಚರಂಡಿಗೆ ಹೋಯಿತು, ಇನ್ನೊಂದು ಏನಾಯಿತೆಂದು ತಿಳಿಯಲಿಲ್ಲ. "ರಕ್ತದಲ್ಲೇ ಇದೆ. ಅಭ್ಯಾಸ ತಪ್ಪಿದೆ," ಎಂದ ಅವನು.

ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಆ ಬೀದಿ ಯಾವತ್ತೂ ಹಿಂದೆ ಬಿದ್ದದ್ದಲ್ಲ. ನಕಾಶೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅರ್ಧ ಬೀದಿ ಕಾಂಪೌಂಡು ಗೋಡೆಗಳ ಮೇಲಿತ್ತು. ಮಿಕ್ಕರ್ಧ ಕೆಳಗೆ ನಿಂತು, ಗೋಡೆ ಸರಿಯಿಲ್ಲ ಎಂದು ಹೇಳುತ್ತಿತ್ತು. ಕುಣಿಯಲಾರದವರಿಗೆ ನೆಲ ಡೊಂಕಾದರೆ ನಡೆಯಲಾರದವರಿಗೆ ಗೋಡೆ ಡೊಂಕು.

ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ ಪೋಸ್ಟ್‌ಮಾಸ್ಟರ ತಾಯಿ, ಎಂಬತ್ತರ ಹತ್ತಿರದ ಅಜ್ಜಿ, ಕೊನೆಗೆ ಕೋಲು ಊರಿಕೊಂಡು ಹೊರಗೆ ಬಂದರು.

"ಇಳಿಯೋ ಕೆಳಗೆ! ನಿನ್ನ ತಾತ ಅಂದ್ರೆ ನನ್ನಪ್ಪ. ಉಪ್ಪಿನ ಮಂಡೀಲಿ ಗುಮಾಸ್ತ. ಏಣಿ ಹತ್ತೋಕೂ ಹೆದರೋರು."

"ಅಮ್ಮ, ನೀನು ಒಳಗೆ ಹೋಗು."

"ನೀನು ಸುಮ್ನಿರು. ಕೇಳಪ್ಪ ನಕಾಶೆ. ಆಗ ಈ ಬೀದಿ ಬರೀ ಮೈದಾನ, ನಾಲ್ಕೇ ಮನೆ. ಸರ್ಕಸ್ಸಿನೋರು ಬಂದು ಡೇರೆ ಹಾಕಿದ್ರು. ಆಟ ಮುಗೀತು, ಹೊರಡ್ಬೇಕು, ಅಷ್ಟ್ರಲ್ಲಿ ಮಳೆ ಹಿಡ್ಕೊಂಡು ಗಾಡಿಗಳೆಲ್ಲ ಕೆಸರಲ್ಲಿ ಹೂತುಹೋದ್ವು. ಅವತ್ತೇ ಎಣಿಸೋನು ಬಂದ. ನಮ್ಮನೇಲಿ ಐದು ಜನಾನ ಬರ್ಕೊಂಡ, ಡೇರೇಲಿ ಇನ್ನೂರು ಜನಾನ ಬರ್ಕೊಂಡ. ಕರಡೀನೂ ಬರ್ಕೊಳ್ತಿದ್ನೇನೋ, ಅದು ಹೆಸ್ರು ಹೇಳ್ಲಿಲ್ಲ. ಮಾರನೇ ದಿನ ಬಿಸಿಲು ಬಂತು, ಎಲ್ರೂ ಎದ್ದು ಹೋದ್ರು."

"ಅಮ್ಮನಿಗೆ ಮರೆವು," ಎಂದರು ಪೋಸ್ಟ್‌ಮಾಸ್ಟರು ಸುತ್ತಲೂ ನೋಡಿ.

"ಯಾರಿಗೆ, ನನಗಾ? ನೀನು ಎಂಟನೇ ಕ್ಲಾಸಲ್ಲಿ ಎರಡು ಸಲ ಫೇಲಾಗಿದ್ದು ನೆನಪಿದೆ ನಂಗೆ."

"ನೋಡಿ, ಈಗಂತೂ ಬಹಳ ಜೋರಾಗಿದೆ."

ಒಂದೇ ಒಂದು ರಾತ್ರಿ ಕೆಸರಲ್ಲಿ ಸಿಕ್ಕಿಕೊಂಡವರನ್ನು ನಕಾಶೆ ಒಂದು ಬೀದಿಯ ಪರಂಪರೆ ಮಾಡಿಬಿಟ್ಟಿದ್ದ. ತಪ್ಪು ನಕಾಶೆಗೆ ಸಾಹೇಬರ ಸಹಿಯಾಗಿ, ಆಮೇಲೆ ಯಾರಾದರೂ ಕೆದಕಿದರೆ ಕಾಯಂ ಆಗುವುದಿರಲಿ, ಇರುವ ತಾತ್ಕಾಲಿಕವೂ ಹೋಗುತ್ತದೆ. "ಹಳದಿ ಬಳೀಬೇಕು," ಎಂದು ಅವನು ತನಗೇ ಹೇಳಿಕೊಂಡ, ದುರದೃಷ್ಟಕ್ಕೆ ಸ್ವಲ್ಪ ಗಟ್ಟಿಯಾಗಿ.

ಪೋಸ್ಟ್‌ಮಾಸ್ಟರು ಗೋಡೆಯಿಂದ ಇಳಿದು ಅವನ ಹೆಗಲ ಮೇಲೆ ಕೈಯಿಟ್ಟರು. "ನೋಡಪ್ಪಾ, ನಿನ್ನ ಬಣ್ಣ, ನಿನ್ನಿಷ್ಟ. ಆದ್ರೆ ಗುಲಾಬಿ ಹೋದ ದಿನ ನೀನೂ, ನಿನ್ನ ಚಿಕ್ಕಮ್ಮ, ಆಕೆಯ ಮಿಷನ್ನು, ಎಲ್ಲ ಬೇರೆ ಮನೆ ನೋಡ್ಕೊಳ್ಳಿ. ನಾನೇನು ಬೆದರಿಸ್ತಿಲ್ಲ, ಬೀದಿಯ ಭಾವನೆ ಹೇಳ್ತಿದೀನಿ."

ಅತ್ತ ದರಿ, ಇತ್ತ ಪುಲಿ. ಬೀದಿಯ ಭಾವನೆ ಇನ್ನೂ ಹತ್ತಿರ ಬರುವ ಮೊದಲೇ ನಕಾಶೆ ಕ್ಲಿಪ್ಪುಗಳನ್ನು ಕಿತ್ತು, ಹಾಳೆಯನ್ನು ಸುರುಳಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು ಓಡಿದ. "ಒಣಗಿದೆಯೇನೋ ಅದು?" ಎಂದು ಚಿಕ್ಕಮ್ಮ ಕೂಗಿದ್ದು ಅವನಿಗೆ ಕೇಳಿಸಿತು. ನಿಲ್ಲುವಂತಿರಲಿಲ್ಲ.

ಅವನು ಹತ್ತಿದ ಬಸ್ಸು ಹೊರಡುವ ಹೊತ್ತಿಗೆ ಪೋಸ್ಟ್‌ಮಾಸ್ಟರು ಮಡಿಸಿದ ಕೊಡೆ ಹಿಡಿದು ಹತ್ತಿದರು. ಹಿಂದೆಯೇ ಡಾಕ್ಟರು, ಅವರ ಹಿಂದೆ ಬೇಕರಿಯಾತ. ಡಾಕ್ಟರು ಕ್ಲಿನಿಕ್ಕಿನ ಬಾಗಿಲಿಗೆ, ‘ಡಾಕ್ಟರು ಮೂಲ ಕಸುಬಿನ ನಿಮಿತ್ತ ಹೊರಗೆ ಹೋಗಿದ್ದಾರೆ’ ಎಂದು ಬರೆದು ತೂಗುಹಾಕಿ ಬಂದಿದ್ದರು.

"ನೀವೆಲ್ಲ ಎಲ್ಲಿಗೆ?" ಎಂದ ನಕಾಶೆ.

"ನಿನ್ನ ಜೊತೆಗೆ ಕಣಪ್ಪ. ಅಕ್ಕಪಕ್ಕದವರು ಅಂದ್ಮೇಲೆ ಕಷ್ಟಕಾಲಕ್ಕೆ ಆಗ್ಬೇಡ್ವಾ?"

ಕಚೇರಿಯ ಮೆಟ್ಟಿಲ ತಿರುವಿನಲ್ಲಿ ಅವರನ್ನು ಹೇಗೋ ತಪ್ಪಿಸಿಕೊಂಡು, ಅವನು ಮೇಲಿನ ಮಹಡಿಯ ವಿಭಾಗದವರಿಂದ ಚೂರು ಹಳದಿ ಬಣ್ಣ ಸಾಲ ತಂದು, ನೆಲದ ಮೇಲೆ ಕೂತು ನಕಾಶೆ ಬಿಚ್ಚಿದ. ಬಿಚ್ಚಿದವನು ಹಾಗೆಯೇ ಕೂತ. ಒಣಗದ ಗುಲಾಬಿ ಸುರುಳಿಯೊಳಗೆ ಸುತ್ತು ಸುತ್ತಿಗೆ ಅಂಟಿ, ತನ್ನ ಅಚ್ಚು ಒತ್ತಿಕೊಂಡು ಹೋಗಿತ್ತು. ದೋಣಿಯವರ ನೀಲಿಯಲ್ಲಿ ಒಂದು ಗುಲಾಬಿ, ಗಣಿಯವರ ಕಂದಿನಲ್ಲಿ ಒಂದು ಗುಲಾಬಿ, ಗಾಜಿನವರ ಹಸಿರಿನ ನಟ್ಟನಡುವೆ ಇನ್ನೊಂದು. ದೇಶದ ತುಂಬ ಸರ್ಕಸ್ಸು.

"ಓ, ಇಲ್ಲೇ ಇದೀರಾ? ತನ್ನಿ, ತನ್ನಿ," ಎಂಬ ದನಿ ಬೆನ್ನ ಹಿಂದೆ ಕೇಳಿತು. ದೊಡ್ಡ ಸಾಹೇಬರು.

ಸಭೆಯ ಕೋಣೆಯ ಗೋಡೆಗೆ ನಕಾಶೆಯನ್ನು ತೂಗುಹಾಕಿದರು. ರೈಲು ತಪ್ಪಿಸಿಕೊಂಡವರು ವೇಳಾಪಟ್ಟಿಯ ಮುಂದೆ ನಿಲ್ಲುವ ಹಾಗೆ ಸಾಹೇಬರು ಅದರ ಮುಂದೆ ಕೈಕಟ್ಟಿ ನಿಂತರು.

"ಇದೇನಿದು? ಇಲ್ಲೊಂದು ಗುಲಾಬಿ, ಅಲ್ಲೊಂದು ಗುಲಾಬಿ?"

ಸಾಹೇಬರ ಪ್ರಶ್ನೆಯನ್ನು ಗಾಳಿಯಲ್ಲಿ ಬಿಟ್ಟು ಹೆಡ್ ಗುಮಾಸ್ತರಿಗೆ ಅಭ್ಯಾಸವಿರಲಿಲ್ಲ. "ವಲಸೆ ಸರ್. ಕಸುಬು ಹರಡಿದೆ."

"ಎಲ್ಲ ಒಂದೇ ಅಂತರದಲ್ಲಿದೆಯಲ್ರೀ?"

"ಶಿಸ್ತಿನ ವಲಸೆ ಸರ್."

ಸಾಹೇಬರು ತಲೆದೂಗಿದರು. "ಹಾಗಾದ್ರೆ ಇದರ ತವರು ಯಾವುದು?"

ಹೆಡ್ ಗುಮಾಸ್ತರ ಬೆರಳು ನಕಾಶೆಯ ಬೀದಿಯ ಮೇಲೆ ಕೂತಿತು. ಇನ್ನು ಸುಮ್ಮನಿದ್ದರೆ ಆಗದೆಂದು ನಕಾಶೆ ಗಂಟಲು ಸರಿಮಾಡಿಕೊಂಡ. "ಸರ್, ಅಲ್ಲೊಂದು ತಪ್ಪಾಗಿದೆ. ಆ ಜನ ಆ ಬೀದಿಯವರಲ್ಲ..."

"ಯಾರು ಹೇಳಿದ್ದು ಅಲ್ಲ ಅಂತ?" ಬಾಗಿಲು ದಬ್ಬಿಕೊಂಡು ಪೋಸ್ಟ್‌ಮಾಸ್ಟರು ಒಳಗೆ ಬಂದರು. "ಸಾಹೇಬರೇ, ಮಾತು ಬೇಡ. ಕಣ್ಣಾರೆ ನೋಡಿಬಿಡಿ."

ಕಚೇರಿಯ ನಡುಅಂಗಳದಲ್ಲಿ ಹೂಗಿಡಗಳ ಸುತ್ತ ಮೊಣಕಾಲೆತ್ತರದ ಗೋಡೆಯೊಂದಿತ್ತು. ಪೋಸ್ಟ್‌ಮಾಸ್ಟರು ಡಾಕ್ಟರ ಹೆಗಲು ಹಿಡಿದು ಅದನ್ನು ಹತ್ತಿದರು. ಕೊಡೆ ಬಿಚ್ಚಿದರು. ಕಚೇರಿಯವರೆಲ್ಲ ಬರವಣಿಗೆ ಬಿಟ್ಟು ಮಹಡಿಯ ಕಟಕಟೆಗೆ ಬಂದು ಆತುಕೊಂಡರು. ಪೋಸ್ಟ್‌ಮಾಸ್ಟರು ಒಂದು ಹೆಜ್ಜೆ ಇಟ್ಟರು, ಚಪ್ಪಾಳೆ ಬಿತ್ತು. ಎರಡನೇ ಹೆಜ್ಜೆಗೆ ಎಲ್ಲರಿಗೂ ವಂದಿಸಲು ಬಾಗಿದರು. ಬಾಗಿದವರು ಬಾಗುತ್ತಲೇ ಹೋಗಿ, ಕೊಡೆಸಮೇತ, ಮುಖದ ಮೇಲಿನ ಗಾಂಭೀರ್ಯ ಒಂದಿಷ್ಟೂ ಕದಡದಂತೆ ಹೂಗಿಡಗಳೊಳಗೆ ಅದೃಶ್ಯರಾದರು. ಗಿಡಗಳ ಮೇಲೆ ಕೊಡೆಯೊಂದು ಮಾತ್ರ ಅಣಬೆಯಂತೆ ಅರಳಿಕೊಂಡಿತ್ತು.

ಬೇಕರಿಯಾತ ಸಾಹೇಬರ ಹತ್ತಿರ ಬಂದು ಪಿಸುಗುಟ್ಟಿದ: "ಇದು ಆಟದ ಭಾಗ ಸರ್."

ಸಾಹೇಬರ ಕಣ್ಣು ಒದ್ದೆಯಾದಂತಿತ್ತು. "ಹೆಡ್ ಗುಮಾಸ್ತರೇ, ಆ ಬೀಳೋದನ್ನ ನೋಡಿದ್ರಾ? ಅದನ್ನ ಯಾರೂ ಕಲಿಸೋಕಾಗಲ್ಲ. ಅದು ಹುಟ್ಟಿನಿಂದ ಬರಬೇಕು."

"ಸರ್, ದಯವಿಟ್ಟು ಕೇಳಿ," ಎಂದು ನಕಾಶೆ ಅವರ ಹಿಂದೆಯೇ ಕೋಣೆಗೆ ನುಗ್ಗಿದ. ಮನೆ ಹೋದರೆ ಹೋಗಲಿ ಎನಿಸಿಬಿಟ್ಟಿತ್ತು ಅವನಿಗೆ. ಮೈದಾನ, ಸರ್ಕಸ್ಸು, ಮಳೆ, ಕೆಸರು, ಹೆಸರು ಹೇಳದ ಕರಡಿ, ಒಂದನ್ನೂ ಬಿಡದೆ ಹೇಳಿದ. "ಆ ಗಣತಿಯ ನಿಯಮ ಹಾಗಿತ್ತು ಸರ್. ಗಣತಿಯ ರಾತ್ರಿ ಯಾರು ಎಲ್ಲಿ ಮಲಗಿದ್ದರೋ ಅವರು ಅಲ್ಲಿಯವರು ಅಂತಲೇ ಲೆಕ್ಕ. ನಾನು ನೋಡಿ ಬಣ್ಣ ಹಚ್ಚಬೇಕಿತ್ತು. ತಪ್ಪು ನನ್ನದೇ."

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ನಿಮ್ಮ ಪ್ರಾಮಾಣಿಕತೆ ಮೆಚ್ಚಿದೆ ಕಣ್ರೀ. ಇಂಥವರು ಇಲಾಖೇಲಿ ಸಿಗಲ್ಲ. ಎಲ್ಲಿ ಮಲಗಿದ್ರೋ ಅಲ್ಲಿಯವರು. ನಿಯಮ ಅಂದ್ರೆ ನಿಯಮ. ಅದನ್ನ ಬದಲಾಯಿಸೋಕೆ ನೀವ್ಯಾರು, ನಾನ್ಯಾರು? ನಕಾಶೆ ಸರಿಯಾಗೇ ಇದೆ." ಅವರು ಪೆನ್ನು ತೆಗೆದು ನಕಾಶೆಯ ಮೂಲೆಯಲ್ಲಿ ಸಹಿ ಹಾಕಿದರು. "ಈ ಕ್ಷಣದಿಂದ ಯೋಜನೆ ಜಾರಿ. ಆ ಕಡತ ಕೊಡಿ."

ಹೆಡ್ ಗುಮಾಸ್ತರು ಕಾಯಂ ಹುದ್ದೆಯ ಕಡತ ಮುಂದಿಟ್ಟರು. ಸಾಹೇಬರು ಪುಟ ತಿರುಗಿಸಿದರು, ಪೆನ್ನನ್ನು ಕಾಗದಕ್ಕೆ ತಾಗಿಸಿದರು. ಪೆನ್ನು ಅಲ್ಲೇ ನಿಂತಿತು.

"ಅಂದ ಹಾಗೆ, ನಿನ್ನೆ ರಾತ್ರಿ ನೀವು ಎಲ್ಲಿ ಮಲಗಿದ್ರಿ?"

"ಮನೇಲಿ ಸರ್."

"ಮನೆ ಎಲ್ಲಿ?"

ನಕಾಶೆ ಗೋಡೆಯ ಕಡೆ ನೋಡಿದ. ಸುಳ್ಳಿಗೆ ಬೇಕಾದ ಚುರುಕು ಈಗಲೂ ಬರಲಿಲ್ಲ. "ಅದೇ... ಆ ಗುಲಾಬಿ ಬೀದೀಲಿ ಸರ್."

ಸಾಹೇಬರು ನಿಟ್ಟುಸಿರುಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು. "ಬಹಳ ಬೇಜಾರಿನ ವಿಷಯ. ಯೋಜನೆ ಪ್ರಕಾರ ಕಾಗದ ಪತ್ರದ ಕಾಯಂ ಹುದ್ದೆಗಳು ಇನ್ಮೇಲೆ ಹಳದಿಯವರಿಗೆ. ನೀವು ಗುಲಾಬಿ."

"ಸರ್, ಐದು ವರ್ಷದಿಂದ ನಾನು ಇದೇ ಕೆಲಸ ಮಾಡ್ತಿದೀನಿ!"

"ಅದೇ ನನಗೂ ಆಶ್ಚರ್ಯ. ರಕ್ತದಲ್ಲೇ ಇಲ್ದಿರೋ ಕೆಲಸಾನ ಇಷ್ಟು ದಿನ ಹೇಗ್ರೀ ಮಾಡಿದ್ರಿ?" ಅವರು ಎದ್ದು ಬಂದು ಅವನ ಬೆನ್ನು ತಟ್ಟಿದರು. "ಆದ್ರೂ ನಿಮ್ಮನ್ನ ಕೈಬಿಡಲ್ಲ. ನಿಮ್ಮ ಬೀದಿಯ ಕೇಂದ್ರದಲ್ಲಿ ಹಗ್ಗದ ಕೆಳಗೆ ಬಲೆ ಹಿಡ್ಕೊಂಡು ನಿಲ್ಲೋಕೆ ಒಬ್ಬರು ಬೇಕು. ನಾಳೆಯಿಂದಲೇ ಬನ್ನಿ. ಸದ್ಯಕ್ಕೆ ತಾತ್ಕಾಲಿಕ."

"ಹಗ್ಗದ ಮೇಲೆ ಯಾರು ನಡೀತಾರೆ ಸರ್?"

ಸಾಹೇಬರು ಹೆಮ್ಮೆಯಿಂದ ಕಿಟಕಿಯತ್ತ ಕೈತೋರಿದರು. ಕೆಳಗೆ ಅಂಗಳದಲ್ಲಿ ಡಾಕ್ಟರು ಮತ್ತು ಬೇಕರಿಯಾತ, ಪೋಸ್ಟ್‌ಮಾಸ್ಟರ ಒಂದೊಂದು ಕಾಲು ಹಿಡಿದು, ಅವರನ್ನು ಹೂಗಿಡಗಳಿಂದ ಹೊರಗೆ ಎಳೆಯುತ್ತಿದ್ದರು. ಪೋಸ್ಟ್‌ಮಾಸ್ಟರು ತೂಕದ ಆಳು.

ಸಂಜೆ ಅವನು ಮನೆಗೆ ಬಂದಾಗ ಚಿಕ್ಕಮ್ಮ ಮಿಷನ್ನು ನಿಲ್ಲಿಸಿ ಕತ್ತೆತ್ತಿದಳು. ಅವನ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಅದು ಯಾವಾಗಲೂ ಹಾಗೇ ಇರುತ್ತಿತ್ತು.

"ಏನಾಯ್ತೋ? ಕಾಯಂ ಆಯ್ತಾ?"

ನಕಾಶೆ ಕುರ್ಚಿ ಎಳೆದುಕೊಂಡು ಕೂತ. ಚಪ್ಪಲಿ ಬಿಚ್ಚಿದ.

"ಇಲ್ಲ ಚಿಕ್ಕಮ್ಮ," ಎಂದ. "ಕಾಯಂ ಆಗ್ಲಿಲ್ಲ. ವಂಶಪಾರಂಪರ್ಯ ಆಯ್ತು."